ಬ್ರೆಸ್ಟ್‌ಸ್ಟ್ರೋಕ್ ಕೈಕೊಟ್ಟಾಗ: ದೊಡ್ಡವರಾದ ಮೇಲೆ ಈಜು ಕಲಿತವರಿಗೊಂದು ದೋಷ ನಿವಾರಣೆ ಕೈಪಿಡಿ

ನಾನು ಈಜು ಕಲಿಯಲು ನೀರಿಗಿಳಿದದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಆರು ತಿಂಗಳಾದರೂ 25 ಮೀಟರ್ ದಾಟಲು 34 ಸ್ಟ್ರೋಕ್ (ಒಮ್ಮೆ ಕೈ ಎಳೆದು ಒಮ್ಮೆ ಕಾಲು ಒದೆಯುವ ಸುತ್ತು) ಬೇಕಾಗುತ್ತಿತ್ತು. ಪಕ್ಕದ ಲೇನಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಯಾವ ಅವಸರವೂ ಇಲ್ಲದೆ 16ಕ್ಕೆ ಗೋಡೆ ಮುಟ್ಟುತ್ತಿದ್ದರು. ನನಗೆ ಶಕ್ತಿ ಸಾಲದು ಅಂದುಕೊಂಡು ಇನ್ನಷ್ಟು ಜೋರಾಗಿ ಒದ್ದೆ. ಸ್ಟ್ರೋಕ್ 36ಕ್ಕೆ ಏರಿತು, ಜೊತೆಗೆ ಬಲ ಮಂಡಿ ನೋಯತೊಡಗಿತು.

ಏದುಸಿರು ಬರುತ್ತಿತ್ತಲ್ಲ, ಅದಕ್ಕೆ ಒಂದು ತಿಂಗಳು ಉಸಿರಾಟವನ್ನೇ ತಿದ್ದುತ್ತಾ ಕೂತೆ. ಆಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಪಾದದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂತಾರಲ್ಲ, ಅದೇ. ಬ್ರೆಸ್ಟ್‌ಸ್ಟ್ರೋಕ್, ಅಂದರೆ ನಾವು ಕಪ್ಪೆ ಈಜು ಎನ್ನುವ ಈ ಈಜಿನಲ್ಲಿ ದೋಷ ಕಾಣಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಆದ್ದರಿಂದ ಕೆಳಗಿನ ಪರೀಕ್ಷೆಗಳನ್ನು ನಾನು ಬರೆದ ಕ್ರಮದಲ್ಲೇ ಮಾಡಿ. ನಿಮ್ಮ ದೂರು ಉಸಿರಿನದ್ದೇ ಆಗಿದ್ದರೂ ನೇರ ಉಸಿರಿನ ಭಾಗಕ್ಕೆ ಹಾರಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಎರಡು ಪಟ್ಟಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಫ್ರೀಸ್ಟೈಲ್‌ನಲ್ಲಿ (ಕೈಗಳನ್ನು ಒಂದಾದ ಮೇಲೊಂದರಂತೆ ಬೀಸುವ ಶೈಲಿ) ಕೈ ಗಾಳಿಯಲ್ಲಿ ಮುಂದಕ್ಕೆ ಬರುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈಕಾಲೆರಡೂ ಮುಂದಿನ ಸ್ಟ್ರೋಕಿಗೆ ತಯಾರಾಗುವುದು ನೀರೊಳಗೇ. ಪ್ರತಿ ಸ್ಟ್ರೋಕಿನಲ್ಲೂ ಒಮ್ಮೆ ಆಕ್ಸಿಲರೇಟರ್, ಒಮ್ಮೆ ಬ್ರೇಕ್. ನಾಲ್ಕು ಸ್ಪರ್ಧಾ ಶೈಲಿಗಳಲ್ಲಿ ಇದೇ ಅತಿ ನಿಧಾನದ್ದಾಗಿರುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ನಮ್ಮಂಥ ಹೊಸಬರು ಇಂಜಿನ್ನಿಗೆ ಬಲ ತುಂಬುವ ಮೊದಲು ಹುಡುಕಬೇಕಾದದ್ದು ಬ್ರೇಕ್ ಎಲ್ಲಿ ಹಿಡಿಯುತ್ತಿದೆ ಎಂದು.

ಮುಖ ನೀರಲ್ಲಿಟ್ಟು ಹತ್ತು ಸೆಕೆಂಡ್ ತೇಲಲು, ನೀರೊಳಗೆ ಬಾಯಿ ಮೂಗಿನಿಂದ ಗುಳ್ಳೆ ಬಿಡಲು ಇನ್ನೂ ಭಯವಾಗುತ್ತದೆಯೇ? ಹಾಗಿದ್ದರೆ ಈ ಕೈಪಿಡಿ ಈಗಲೇ ಬೇಡ. ಅದು ಸ್ಟ್ರೋಕಿನ ದೋಷವಲ್ಲ. ನಿಲುಕುವ ನೀರಿನಲ್ಲಿ, ಯಾರಾದರೂ ಜೊತೆಗಿರುವಾಗ ಮೊದಲು ಅದನ್ನು ಮುಗಿಸಿಕೊಳ್ಳಿ.

ಮೊದಲು ಅಳತೆ

ಅಳೆಯದೆ ತಿದ್ದಲು ಹೋದರೆ ಸರಿಯಾಯಿತೋ ಕೆಟ್ಟಿತೋ ಗೊತ್ತಾಗುವುದಿಲ್ಲ. ಬೇಕಾದ ಅಳತೆ ಮೂರೇ.

ಒಂದು, ಗೋಡೆ ಒದ್ದು ಕೈಚಾಚಿ ಏನೂ ಮಾಡದೆ ತೇಲಿದರೆ ಎಷ್ಟು ದೂರ ಹೋಗುತ್ತೀರಿ. ಎರಡು, ನಿಮ್ಮ ಸಹಜ ವೇಗದಲ್ಲಿ ಒಂದು ಲ್ಯಾಪಿಗೆ (ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ) ಎಷ್ಟು ಸ್ಟ್ರೋಕ್. ಮೂರು, ಮೊಬೈಲ್ ವಿಡಿಯೊ: ಒಂದು ಪಕ್ಕದಿಂದ, ಒಂದು ಹಿಂದಿನಿಂದ. ಈಜುಕೊಳದವರ ಅನುಮತಿ ಕೇಳಿ, ಬೇರೆಯವರು ಚಿತ್ರದಲ್ಲಿ ಬರದಂತೆ ಗೆಳೆಯರಿಂದ ತೆಗೆಸಿಕೊಳ್ಳಿ. ಹದಿನೈದು ಸೆಕೆಂಡ್ ಸಾಕು. ಮೊದಲ ಸಲ ನೋಡುವಾಗ ಮುಜುಗರವಾಗುತ್ತದೆ. ಮೀನಿನಂತೆ ಈಜುತ್ತಿದ್ದೇನೆ ಅಂದುಕೊಂಡಿದ್ದ ನನಗೆ ವಿಡಿಯೊದಲ್ಲಿ ಕಂಡದ್ದು ಮುಳುಗುತ್ತಿರುವ ಮಡಚು ಕುರ್ಚಿ.

ಗೋಡೆ ಒದ್ದ ಮೇಲೆ ದೇಹ ಎಲ್ಲಿ ನಿಲ್ಲುತ್ತದೆ?

ಚೆನ್ನಾಗಿ ಒದ್ದು, ಎರಡೂ ಕೈ ಕಿವಿಗೆ ಒತ್ತಿ, ಅಂಗೈ ಒಂದರ ಮೇಲೊಂದಿಟ್ಟು ತೇಲಿ. ಐದು ಮೀಟರ್ ಹೋಗುವ ಮೊದಲೇ ನಿಂತರೆ ಕಿಕ್ಕನ್ನು, ಅಂದರೆ ಕಾಲಿನ ಒದೆತವನ್ನು, ಮುಟ್ಟುವ ಅಗತ್ಯವಿಲ್ಲ, ತೊಂದರೆ ಇಲ್ಲೇ ಇದೆ.

ಸಾಮಾನ್ಯವಾಗಿ ಕಣ್ಣು ಮುಂದಕ್ಕೆ ನೋಡುತ್ತಿರುತ್ತದೆ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ತಕ್ಕಡಿಯಂತೆ. ಕೆಳಗೆ ತಳದ ಕಪ್ಪು ಗೆರೆ ನೋಡಿ, ಕತ್ತಿನ ಹಿಂಬದಿ ಉದ್ದವಾಗಲಿ. ಎದೆಯನ್ನು ಸ್ವಲ್ಪ ನೀರಿಗೆ ಒತ್ತಿದಂತೆ ಮಾಡಿದರೆ ಸೊಂಟ ತಾನೇ ಮೇಲೇಳುತ್ತದೆ. ಗಾಳಿ ತುಂಬಿದ ಶ್ವಾಸಕೋಶ ನಮ್ಮೊಳಗಿನ ತೇಲುಬುರುಡೆ ಇದ್ದ ಹಾಗೆ. ಅದಿರುವುದು ಎದೆಯಲ್ಲಿ, ಭಾರವಿರುವುದು ಸೊಂಟದಿಂದ ಕೆಳಗೆ. ಆದ್ದರಿಂದ ಅಲುಗಾಡದೆ ಬಿದ್ದಿದ್ದರೆ ಹೆಚ್ಚಿನವರ ಕಾಲು ನಿಧಾನಕ್ಕೆ ಇಳಿಯುತ್ತದೆ. ಅದನ್ನು ದೋಷವೆಂದು ಬರೆದುಕೊಳ್ಳಬೇಡಿ. ಗೋಡೆ ಬಿಟ್ಟ ಮೊದಲ ಎರಡು ಮೂರು ಸೆಕೆಂಡ್ ದೇಹ ನೆಟ್ಟಗಿದ್ದರೆ ನಮಗೆ ಸಾಕು.

ಒದೆಯುತ್ತೇನೆ, ಮುಂದೆ ಹೋಗುವುದಿಲ್ಲ

ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ದೂರುಗಳ ಬೇರು ಇಲ್ಲಿದೆ. ಫ್ರೀಸ್ಟೈಲ್‌ನಲ್ಲಿ ದೇಹವನ್ನು ಒಯ್ಯುವುದು ಹೆಚ್ಚಾಗಿ ಕೈ. ಇಲ್ಲಿ ಹೊಸಬರಿಗೆ ಮುಖ್ಯ ಇಂಜಿನ್ ಕಾಲೇ. ಅದು ಕೈಕೊಟ್ಟರೆ ಕೈ ಕಾಲಿನ ಕೆಲಸವನ್ನೂ ಹೊರಲು ಹೋಗಿ ಎಲ್ಲವನ್ನೂ ಕೆಡಿಸುತ್ತದೆ.

ಪರೀಕ್ಷೆ: ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುಹಲಗೆ) ಹಿಡಿದು ಬರೀ ಕಾಲಿನಲ್ಲಿ 25 ಮೀಟರ್ ಹೋಗಿ. ಎಷ್ಟು ಕಿಕ್ ಆಯಿತು ಎಣಿಸಿ. ನನ್ನ ಮೊದಲ ಪ್ರಯತ್ನದಲ್ಲಿ ಎಣಿಕೆಯೇ ಮುಗಿಯಲಿಲ್ಲ, ಹತ್ತು ಮೀಟರ್ ಹತ್ತಿರ ನಿಂತಲ್ಲೇ ನಿಂತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇನ್ನು ಕೆಲವರು ಅಕ್ಷರಶಃ ಹಿಂದಕ್ಕೆ ಹೋಗುತ್ತಾರೆ. ಅದು ಸಾಧ್ಯ, ತಮಾಷೆಯಲ್ಲ.

ಹೀಗಾದರೆ ಮೊದಲು ನೋಡಬೇಕಾದದ್ದು ಪಾದ. ಫ್ರೀಸ್ಟೈಲ್ ಕಲಿಸುವಾಗ "ಬೆರಳು ಚಾಚಿ, ಪಾದ ಚಾಚಿ" ಎಂದು ನೂರು ಸಲ ಹೇಳಿರುತ್ತಾರೆ. ಆ ಅಭ್ಯಾಸ ಇಲ್ಲಿಗೂ ಬಂದುಬಿಡುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒದೆಯುವ ಕ್ಷಣಕ್ಕೆ ಪಾದ ಮೊಣಕಾಲಿನ ಕಡೆಗೆ ಮಡಚಿರಬೇಕು, ಬೆರಳುಗಳು ಹೊರಕ್ಕೆ ತಿರುಗಿರಬೇಕು. ಆಗ ಪಾದದ ಒಳ ಅಂಚು ಮತ್ತು ಕಣಕಾಲಿನ ಒಳಬದಿ ಹುಟ್ಟಿನ ಹಲಗೆಯಂತೆ ನೀರನ್ನು ಹಿಡಿಯುತ್ತವೆ. ಪಾದ ಚಾಚಿಕೊಂಡಿದ್ದರೆ ಹಿಡಿಯಲು ಏನೂ ಇಲ್ಲ, ನೀರು ಜಾರಿಹೋಗುತ್ತದೆ.

ತಿಳಿಯುವುದು ಹೇಗೆ? ನೀರಿನ ಒತ್ತಡ ಎಲ್ಲಿ ತಾಗುತ್ತದೆ ಗಮನಿಸಿ. ಪಾದದ ಮೇಲ್ಭಾಗಕ್ಕೆ, ಶೂ ಲೇಸ್ ಕಟ್ಟುವ ಕಡೆ ತಾಗಿದರೆ ತಪ್ಪು. ಒಳ ಅಂಚಿಗೆ ತಾಗಿದರೆ ಸರಿ. ಕೊಳದ ಅಂಚಿನಲ್ಲಿ ಕೂತು, ಕಾಲು ನೀರಲ್ಲಿ ಇಳಿಬಿಟ್ಟು, ಕಣ್ಣಾರೆ ನೋಡುತ್ತಾ ನಿಧಾನವಾಗಿ ಇಪ್ಪತ್ತು ಕಿಕ್ ಮಾಡಿ. ಹಿಮ್ಮಡಿ ಹಿಂದಕ್ಕೆ, ಪಾದ ಹೊರಕ್ಕೆ, ಅರ್ಧಚಂದ್ರಾಕಾರವಾಗಿ ಸುತ್ತಿ, ಕಾಲು ಜೋಡಿಸಿ. ನೆಲದ ಮೇಲೆ ಬೆರಳುಗಳನ್ನು ಮೇಲೆತ್ತಿ ಹೊರಕ್ಕೆ ತಿರುಗಿಸಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದರೂ ಆ ಭಂಗಿಯ ನೆನಪು ಕಾಲಿಗೆ ಉಳಿಯುತ್ತದೆ. ಜಾರದ ಜಾಗದಲ್ಲಿ ನಡೆಯಿರಿ, ಒದ್ದೆ ಟೈಲ್ಸ್ ಮೇಲಲ್ಲ.

ಎರಡನೆಯ ದೋಷ ನನ್ನನ್ನು ಹೆಚ್ಚು ಕಾಡಿದ್ದು. ಕಾಲು ಮಡಚುವಾಗ ಮಂಡಿಯನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುವುದು. ಹಾಗೆ ಮಾಡಿದೊಡನೆ ಎರಡು ತೊಡೆ ಎರಡು ಹಲಗೆಗಳಂತೆ ಮುಂದಿನಿಂದ ಬರುವ ನೀರಿಗೆ ಅಡ್ಡ ನಿಲ್ಲುತ್ತವೆ. ಗಳಿಸಿದ ವೇಗವೆಲ್ಲ ಅಲ್ಲೇ ಖರ್ಚಾಗುತ್ತದೆ. ಪಕ್ಕದಿಂದ ತೆಗೆದ ವಿಡಿಯೊ ನಿಲ್ಲಿಸಿ ನೋಡಿ: ಹೊಟ್ಟೆ ಮತ್ತು ತೊಡೆಯ ನಡುವಿನ ಕೋನ 90 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ರೇಕ್ ಇಲ್ಲಿದೆ. ಸುಮಾರು 120 ಡಿಗ್ರಿ ಇದ್ದರೆ ಚಿಂತೆಯಿಲ್ಲ.

ವಿಡಿಯೊ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಅದೇ ಹೆಚ್ಚು ಇಷ್ಟ. ಬೆನ್ನ ಮೇಲೆ ಮಲಗಿ, ಕೈ ಪಕ್ಕದಲ್ಲಿಟ್ಟು ಬ್ರೆಸ್ಟ್‌ಸ್ಟ್ರೋಕ್ ಕಿಕ್ ಮಾಡಿ. ಮಂಡಿಗಳು ನೀರಿನಿಂದ ಮೇಲೆ ಇಣುಕುತ್ತವೆಯೇ? ಇಣುಕಿದರೆ ನೀವು ಎಳೆಯುತ್ತಿರುವುದು ಮಂಡಿಯನ್ನು, ಹಿಮ್ಮಡಿಯನ್ನಲ್ಲ. ಮಂಡಿ ನೀರೊಳಗೇ ಇದ್ದು, ಮೊಣಕಾಲ ಕೆಳಗಿನ ಭಾಗ ಮಾತ್ರ ತಳದ ಕಡೆ ಇಳಿದು ಸುತ್ತಿ ಬರಬೇಕು. ಚಿಕಿತ್ಸೆಯೂ ಇದೇ. ಎರಡು ವಾರ, ಪ್ರತಿ ಸಲ 4 ಲ್ಯಾಪ್ ಹೀಗೆ ಬೆನ್ನ ಮೇಲೆ ಮಾಡಿ. ಮುಖ ಮೇಲಿರುವುದರಿಂದ ಉಸಿರಿನ ಗಡಿಬಿಡಿ ಇಲ್ಲ, ಗಮನವೆಲ್ಲ ಕಾಲಿಗೇ ಕೊಡಬಹುದು. ತಲೆ ಗೋಡೆಗೆ ಬಡಿಯದಂತೆ ಮಾತ್ರ ನೋಡಿಕೊಳ್ಳಿ. ಆಮೇಲೆ ಬೋರಲಾಗಿ, ಕೈ ಹಿಂದೆ ತೊಡೆಯ ಪಕ್ಕ ಚಾಚಿಟ್ಟು, ಪ್ರತಿ ಕಿಕ್ಕಿಗೂ ಹಿಮ್ಮಡಿ ಬೆರಳ ತುದಿಗೆ ತಾಗುವಂತೆ ಮಾಡಿ. ಹಿಮ್ಮಡಿ ಅಲ್ಲಿಗೆ ಬಂದರೆ ಮಂಡಿ ಹೊಟ್ಟೆಗೆ ಹೋಗಲು ಕಾರಣವೇ ಇರುವುದಿಲ್ಲ.

ಮೂರನೆಯದಕ್ಕೆ ಹೊಣೆ ಕಪ್ಪೆ. "ಕಪ್ಪೆ ಹಾಗೆ ಒದೀರಿ" ಎಂದು ಕೇಳದೆ ಈ ಈಜು ಕಲಿತವರು ಯಾರಿದ್ದಾರೆ! ಕಪ್ಪೆ ಈಜು ಎಂಬ ಹೆಸರೇ ನಮ್ಮಲ್ಲಿ ನಿಂತುಬಿಟ್ಟಿದೆ. ಕೇಳಿದವರು ಮಂಡಿಗಳನ್ನು ಎರಡೂ ಕಡೆಗೆ ಅಗಲಿಸಿ, ಆಮೇಲೆ ನೇರ ಮಾಡಿ, ಆಮೇಲೆ ಕತ್ತರಿಯಂತೆ ಮುಚ್ಚುತ್ತಾರೆ. ಕಪ್ಪೆಗೆ ಜಾಲವಿರುವ ಉದ್ದನೆಯ ಪಾದವಿದೆ, ನಮಗಿಲ್ಲ. ನಮ್ಮ ಮಂಡಿಗಳ ನಡುವೆ ಸೊಂಟದಷ್ಟೇ ಅಗಲ, ಬೇಕಾದರೆ ಒಂದು ಚೂರು ಹೆಚ್ಚು. ಪಾದಗಳು ಮಂಡಿಗಿಂತ ಹೊರಗಿರಬೇಕು. ಇದೊಂದು ವಾಕ್ಯ ನೆನಪಿಟ್ಟರೆ ಸಾಕು. ಹಿಂದಿನಿಂದ ತೆಗೆದ ವಿಡಿಯೊದಲ್ಲಿ ಮಂಡಿ ಹೊರಗೆ, ಪಾದ ಒಳಗೆ ಕಂಡರೆ ನೀವು ಕಪ್ಪೆಯಾಗಿದ್ದೀರಿ. ಪುಲ್ ಬಾಯ್ (ತೇಲುವ ಫೋಮ್ ತುಂಡು) ಇದ್ದರೆ ತೊಡೆಗಳ ನಡುವೆ ಇಟ್ಟು ನಿಧಾನವಾಗಿ ಕಿಕ್ ಮಾಡಿ. ಮಂಡಿ ಅಗಲವಾದೊಡನೆ ಅದು ತಪ್ಪಿಸಿಕೊಂಡು ಮೇಲೆ ಚಿಮ್ಮಿ ಚಾಡಿ ಹೇಳುತ್ತದೆ.

ನಾಲ್ಕನೆಯದು ಕತ್ತರಿ ಕಿಕ್: ಒಂದು ಪಾದ ಸರಿಯಾಗಿ ಹೊರಕ್ಕೆ ತಿರುಗಿದೆ, ಇನ್ನೊಂದು ಫ್ರೀಸ್ಟೈಲ್‌ನಂತೆ ಚಾಚಿಕೊಂಡು ಕೆಳಕ್ಕೆ ಬಡಿಯುತ್ತದೆ. ಈಜುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸ್ಪರ್ಧೆಯಲ್ಲಿ ಇದಕ್ಕೆ ಅನರ್ಹಗೊಳಿಸುತ್ತಾರೆ. ಲಕ್ಷಣ ಏನೆಂದರೆ ಕಣ್ಣು ಮುಚ್ಚಿ ಬರೀ ಕಿಕ್ ಮಾಡಿದಾಗ ದೇಹ ಒಂದೇ ಕಡೆಗೆ ಸರಿಯುತ್ತದೆ. ಲೇನ್ ಖಾಲಿ ಇದ್ದಾಗ ನಾಲ್ಕು ಕಿಕ್ ಸಾಕು. ಬಲಗಾಲು ಚೆನ್ನಾಗಿ ತಳ್ಳಿ ಎಡಗಾಲು ತಳ್ಳದಿದ್ದರೆ ಎಡಕ್ಕೆ ತಿರುಗುತ್ತೀರಿ. ಅಂದರೆ ಯಾವ ಕಡೆಗೆ ವಾಲುತ್ತೀರೋ ಆ ಕಡೆಯ ಕಾಲು ಕಳ್ಳ. ಸೊಂಟ ಓರೆಯಾಗಿದ್ದರೂ ಹೀಗಾಗುತ್ತದೆ. ಉಸಿರಿಗೆ ಎದ್ದಾಗ ತಲೆಯನ್ನು ಒಂದು ಬದಿಗೆ ತಿರುಗಿಸುವ ಅಭ್ಯಾಸವಿದ್ದವರಲ್ಲಿ ಮೊದಲು ಅದನ್ನೇ ಸರಿಪಡಿಸಬೇಕು. ತಲೆ ನೇರವಾಗಿದ್ದೂ ಪಾದ ತಿರುಗದಿದ್ದರೆ, ಗೋಡೆಯಂಚು ಹಿಡಿದು ಬೋರಲಾಗಿ, ಆ ಒಂದೇ ಕಾಲಿನಿಂದ ನಿಧಾನಕ್ಕೆ ಹತ್ತು ಹತ್ತು ಕಿಕ್. ವೇಗ ಹೆಚ್ಚಿಸಿದ ಕೂಡಲೇ ಹಳೆ ಚಾಳಿ ಮರಳುತ್ತದೆ. ನನ್ನ ಎಡಪಾದ ಬಗ್ಗಲು ಮೂರು ತಿಂಗಳು ಹಿಡಿಯಿತು.

ಕೊನೆಯದು ಸುಲಭ: ಒದ್ದು ಕಾಲನ್ನು ಪೂರ್ತಿ ಜೋಡಿಸದೆ ಮತ್ತೆ ಮಡಚುವುದು. ಪ್ರತಿ ಕಿಕ್ಕಿನ ಕೊನೆಯಲ್ಲಿ ಎರಡೂ ಹೆಬ್ಬೆರಳು ಪರಸ್ಪರ ತಾಗಲಿ, ಆಗ ಪಾದ ಚಾಚಿ. ಹೌದು, ಈಗ ಚಾಚಬಹುದು, ಒದೆತ ಮುಗಿದಿದೆ.

ಮಂಡಿಯ ಒಳಬದಿ ನೋಯುತ್ತದೆ

ಇದನ್ನು ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ "ಅಭ್ಯಾಸವಾದರೆ ಸರಿಹೋಗುತ್ತದೆ" ಎಂಬ ಮಾತು ಹಾನಿ ಮಾಡುತ್ತದೆ. ಇಂಗ್ಲಿಷಿನಲ್ಲಿ ಈ ನೋವಿಗೆ ಈಜಿನದೇ ಹೆಸರಿದೆ, ಬ್ರೆಸ್ಟ್‌ಸ್ಟ್ರೋಕರ್ಸ್ ನೀ ಎನ್ನುತ್ತಾರೆ. ಮಂಡಿಯ ಒಳಬದಿಯಲ್ಲಿ ತೊಡೆಮೂಳೆಯನ್ನೂ ಮಂಡಿಯ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಅಸ್ಥಿರಜ್ಜು ಇದೆ. ಕಾಲನ್ನು ಹೊರಕ್ಕೆ ತಿರುಗಿಸಿ ರಭಸದಿಂದ ಒದ್ದಾಗಲೆಲ್ಲ ಅದರ ಮೇಲೆ ಎಳೆತ ಬೀಳುತ್ತದೆ. ಮಂಡಿ ಅಗಲವಾದಷ್ಟೂ, ಕಣಕಾಲು ಮತ್ತು ಸೊಂಟದ ಕೀಲು ಬಿಗಿಯಾಗಿದ್ದಷ್ಟೂ, ತಿರುವಿನ ಹೊರೆಯೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಮೂಲತಃ ಬಾಗಿಲ ತಿರುಗಣಿಯಂಥದ್ದು, ಹಿಂದೆ ಮುಂದೆ ಮಡಚುವುದಕ್ಕಿರುವುದು.

ನೋವು ಬಂದ ದಿನ ಆ ಕಿಕ್ ನಿಲ್ಲಿಸಿ, ಬೇಕಿದ್ದರೆ ಫ್ರೀಸ್ಟೈಲ್ ಈಜಿ. ಕೆಲವು ದಿನ ಬಿಟ್ಟು ಹಿಂದಿರುಗಿದಾಗ ಕಿಕ್ಕನ್ನು ಕಿರಿದಾಗಿಸಿ, ಬಲ ಅರ್ಧಕ್ಕೆ ಇಳಿಸಿ, ಪಾದವನ್ನು ಸೊಂಟದಿಂದ ತಿರುಗಿಸಿ. ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳದೆ ಬ್ರೆಸ್ಟ್‌ಸ್ಟ್ರೋಕ್ ಶುರುಮಾಡಬೇಡಿ. ಮಂಡಿ ಊದಿಕೊಂಡರೆ, ಮೆಟ್ಟಿಲಿಳಿಯುವಾಗಲೂ ನೋವಿದ್ದರೆ, ಒಂದೆರಡು ವಾರದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ನಾನು ಒಂದೂವರೆ ತಿಂಗಳು ಹಲ್ಲು ಕಚ್ಚಿ ಈಜಿ ನೋವನ್ನು ಸಾಕಿದೆ.

ಕೈ

ಕೈಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೊಸಬರು ಅದರ ಮೇಲೆ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ.

ಕೈ ಸೊಂಟದವರೆಗೆ ಎಳೆದರೆ ತಪ್ಪು. ಅಷ್ಟು ದೂರ ಹೋದ ಕೈ ಮುಂದಕ್ಕೆ ಬರುವಷ್ಟರಲ್ಲಿ ತಲೆ ಮುಳುಗಿರುತ್ತದೆ, ಉಸಿರು ತಪ್ಪಿರುತ್ತದೆ. ಸ್ಪರ್ಧೆಯ ನಿಯಮದಲ್ಲೂ ಆರಂಭದ ಮತ್ತು ತಿರುವಿನ ನಂತರದ ಮೊದಲ ಸ್ಟ್ರೋಕ್ ಬಿಟ್ಟರೆ ಕೈ ಸೊಂಟದ ರೇಖೆ ದಾಟುವಂತಿಲ್ಲ. ಪರೀಕ್ಷೆ ಸುಲಭ: ಇಡೀ ಸ್ಟ್ರೋಕಿನಲ್ಲಿ ನಿಮ್ಮ ಕೈ ನಿಮ್ಮ ಕಣ್ಣಂಚಿಗೆ ಕಾಣುತ್ತಲೇ ಇರಬೇಕು. ಕಾಣೆಯಾಯಿತೆಂದರೆ ಅತಿಯಾಗಿ ಎಳೆದಿದ್ದೀರಿ. ದೊಡ್ಡ ಪಾತ್ರೆಯೊಂದರ ಒಳಗೋಡೆಯನ್ನು ಎರಡೂ ಕೈಯಿಂದ ಬಳಿದು ಮಧ್ಯಕ್ಕೆ ತಂದಂತೆ ಚಲನೆ, ಮೊಣಕೈ ಭುಜಕ್ಕಿಂತ ಹಿಂದೆ ಹೋಗದಂತೆ.

ಇನ್ನೊಂದು ದೋಷ ಇದಕ್ಕಿಂತ ಹೆಚ್ಚು ಸಾಮಾನ್ಯ. ಎರಡೂ ಕೈ ಎದೆಯ ಮುಂದೆ ಸೇರಿದ ಮೇಲೆ ಅಲ್ಲೇ ಕೈಮುಗಿದು ನಿಂತುಬಿಡುವುದು. ಮುಖ ಗಾಳಿಯಲ್ಲಿ, ಉಸಿರು ಹಿತವಾಗಿದೆ, ಹೊರಡಲು ಮನಸ್ಸಿಲ್ಲ. ಆದರೆ ಇಡೀ ಸ್ಟ್ರೋಕಿನಲ್ಲಿ ದೇಹ ಅತಿ ಹೆಚ್ಚು ತಡೆ ಎದುರಿಸುವ ಕ್ಷಣ ಅದೇ: ಎದೆ ಮೇಲೆ, ಸೊಂಟ ಕೆಳಗೆ, ಮೊಣಕೈ ಅಗಲ. ನಿಂತರೆ ಅಲ್ಲ, ಜಾರಿದರೆ ಗೆಲುವು. ಕೈ ಒಳಕ್ಕೆ ಬರುತ್ತಿದ್ದ ವೇಗದಲ್ಲೇ ಮುಂದಕ್ಕೆ ಚಿಮ್ಮಬೇಕು, ನಡುವೆ ವಿರಾಮ ಬೇಡ. ವಿರಾಮ ಬೇಕಿರುವುದು ಕೈ ಚಾಚಿದ ಮೇಲೆ.

ಎರಡೇ ಲ್ಯಾಪಿಗೆ ಏದುಸಿರು

ಈಗ ಉಸಿರು. ಪರೀಕ್ಷೆ: ಎದೆಮಟ್ಟದ ನೀರಲ್ಲಿ ನಿಂತು, ಮುಳುಗಿ ನೀರೊಳಗೆ ಉಸಿರು ಬಿಡಿ, ಎದ್ದು ಬಾಯಿಂದ ಎಳೆದುಕೊಳ್ಳಿ, ಮತ್ತೆ ಮುಳುಗಿ. ನಿಲ್ಲಿಸದೆ ಇಪ್ಪತ್ತು ಸಲ. ಹತ್ತಕ್ಕೇ ಸುಸ್ತಾದರೆ ಉಸಿರಿನಲ್ಲೇ ತೊಂದರೆ. ಇಪ್ಪತ್ತೂ ಆರಾಮವಾಗಿ ಮುಗಿದರೆ ನಿಮ್ಮ ಉಸಿರಾಟ ನಿರಪರಾಧಿ, ಕಿಕ್ಕಿನ ಭಾಗಕ್ಕೆ ಹಿಂದಿರುಗಿ.

ಉಸಿರಿನದೇ ತೊಂದರೆಯಾದರೆ, ಬಹುತೇಕ ಅದು ಸಾಲದ ಗಾಳಿಯಲ್ಲ, ಬಿಡದ ಗಾಳಿ. ನೀರೊಳಗೆ ಉಸಿರು ಹಿಡಿದುಕೊಂಡರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತದೆ. ಉಸಿರು ಕಟ್ಟಿತೆಂಬ ತಳಮಳ ಹುಟ್ಟಿಸುವುದು ಮುಖ್ಯವಾಗಿ ಅದೇ. ಮುಖ ಮೇಲೆ ಬಂದ ಆ ಒಂದು ಕ್ಷಣದಲ್ಲಿ ಹಳೆ ಗಾಳಿ ಬಿಟ್ಟು ಹೊಸದನ್ನು ಎಳೆಯಲು ಸಮಯವಿರುವುದಿಲ್ಲ, ಅರೆಬರೆ ಎಳೆಯುತ್ತೀರಿ, ಮುಂದಿನ ಸಲಕ್ಕೆ ಇನ್ನೂ ಅರೆಬರೆ. ಮುಖ ನೀರಿಗಿಳಿದ ತಕ್ಷಣ ಮೂಗಿನಿಂದ ಸಣ್ಣ ಗುಳ್ಳೆ ಶುರುವಾಗಲಿ, ಕೈ ಎಳೆಯಲು ಹೊರಟಾಗ ಬಾಯಿಂದ ಉಳಿದದ್ದು ಊದಿಬಿಡಿ.

ಬಾಯಿಗೆ ನೀರು ನುಗ್ಗುತ್ತದೆ, ಕತ್ತು ನೋಯುತ್ತದೆ ಎಂಬ ದೂರುಗಳು ಅವಳಿಜವಳಿ. ಎರಡಕ್ಕೂ ಕಾರಣ ತಲೆಯನ್ನು ಕತ್ತಿನಿಂದ ಎತ್ತುವುದು. ತಲೆ ಎದೆಯ ಜೊತೆ ಏಳಬೇಕು. ಕೈ ಒಳಕ್ಕೆ ಸೇರುವಾಗ ಎದೆ ತಾನೇ ಮೇಲೆ ಬರುತ್ತದೆ, ಬಾಯಿ ನೀರಿನ ಮಟ್ಟಕ್ಕಿಂತ ಒಂದು ಅಂಗೈ ಮೇಲಿದ್ದರೆ ಸಾಲದೇ? ಎದುರು ಗೋಡೆಯ ಗಡಿಯಾರದಲ್ಲಿ ಗಂಟೆ ಎಷ್ಟಾಯಿತೆಂದು ನೋಡುವ ಅವಶ್ಯಕತೆ ಇಲ್ಲ. ಗದ್ದ ಮತ್ತು ಎದೆಯ ನಡುವೆ ಟೆನ್ನಿಸ್ ಚೆಂಡೊಂದನ್ನು ಹಿಡಿದು ನಾಲ್ಕಾರು ಸ್ಟ್ರೋಕ್ ಹಾಕಿದರೆ ಗೊತ್ತಾಗುತ್ತದೆ. ಚೆಂಡು ಬಿದ್ದರೆ ಕತ್ತು ಎತ್ತಿದ್ದೀರಿ. ಮುಖ ಒದ್ದೆಯಾಗದಂತೆ ಇಡೀ ಲ್ಯಾಪ್ ತಲೆ ಎತ್ತಿಕೊಂಡೇ ಈಜುವವರಿಗೆ ಮಾತ್ರ ಚೆಂಡಿನ ಔಷಧ ಹತ್ತುವುದಿಲ್ಲ. ಒಳ್ಳೆಯ ಗಾಗಲ್ಸ್ ಹಾಕಿಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬಿಡಿಬಿಡಿಯಾಗಿ ಎಲ್ಲ ಸರಿ, ಸೇರಿಸಿದರೆ ಕೆಡುತ್ತದೆ

ಕಿಕ್‌ಬೋರ್ಡ್ ಹಿಡಿದರೆ ಓಡುತ್ತೀರಿ, ಕಾಲಿಗೆ ಪುಲ್ ಬಾಯ್ ಸಿಕ್ಕಿಸಿ ಬರೀ ಕೈಯಲ್ಲೂ ಹೋಗುತ್ತೀರಿ, ಎರಡೂ ಸೇರಿದರೆ ನಿಂತಲ್ಲೇ ನೃತ್ಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಈ ದೋಷಕ್ಕೆಂದೇ ಹುಟ್ಟಿದಂತಿದೆ. ಕೈ ಎಳೆಯುವಾಗಲೇ ಕಾಲೂ ಒದೆಯುತ್ತಿದೆ. ಕೈ ಅಗಲವಾಗಿದ್ದಾಗ ಕಾಲು ತಳ್ಳಿದರೆ ಆ ತಳ್ಳು ಅಗಲ ಬಿಚ್ಚಿದ ದೇಹಕ್ಕೆ ಬಡಿದು ವ್ಯರ್ಥ. ಕೈ ಚಾಚಿ ದೇಹ ಬಾಣದಂತಾದಾಗ ತಳ್ಳಿದರೆ ಬಾಣ ಹಾರುತ್ತದೆ.

ಕ್ರಮ ಇಷ್ಟು: ಕೈ, ಮುಖ, ಕಾಲು, ತೇಲು. ಕೈ ಎಳೆಯುವಾಗ ಕಾಲು ಹಿಂದೆ ಸುಮ್ಮನೆ ಚಾಚಿರುತ್ತದೆ. ಕೈ ಎದೆಯ ಬಳಿ ಸೇರುವಾಗ ಮುಖ ಮೇಲೆ, ಹಿಮ್ಮಡಿ ಮೇಲಕ್ಕೆ. ಕೈ ಮುಂದಕ್ಕೆ ಹೊರಟು ಅರ್ಧದಾರಿ ದಾಟಿದಾಗ, ಮುಖ ನೀರಿಗಿಳಿಯುವಾಗ, ಕಾಲು ಒದೆಯುತ್ತದೆ. ಆಮೇಲೆ ತೇಲು. ನಾನು ಈ ನಾಲ್ಕು ಪದಗಳನ್ನು ನೀರೊಳಗೆ ಗುಳ್ಳೆಗಳಲ್ಲೇ ಗೊಣಗುತ್ತಿದ್ದೆ. ಲೇನ್ ಹಂಚಿಕೊಂಡವರು ಏನೆಂದುಕೊಂಡರೋ.

ತಿದ್ದುವ ಅಭ್ಯಾಸ: ಒಂದು ಕೈಗೆ ಎರಡು ಕಿಕ್. ಸಾಮಾನ್ಯವಾಗಿ ಒಂದು ಸ್ಟ್ರೋಕ್ ಹಾಕಿ, ಕೈ ಚಾಚಿಕೊಂಡೇ, ಮುಖ ನೀರಲ್ಲೇ ಇಟ್ಟು ಇನ್ನೊಂದು ಕಿಕ್ ಮಾಡಿ. ಎರಡನೇ ಕಿಕ್ಕಿಗೆ ದೇಹ ಎಷ್ಟು ದೂರ ಜಾರುತ್ತದೆ ನೋಡಿ. ಮೊದಲನೇ ಕಿಕ್ಕೂ ಅಷ್ಟೇ ದೂರ ಒಯ್ಯಬೇಕು. ಒಯ್ಯದಿದ್ದರೆ ಆ ಕಿಕ್ ಕೈ ಎಳೆಯುವ ಸಮಯಕ್ಕೆ ಸಿಕ್ಕಿಕೊಂಡಿದೆ ಎಂದೇ ಅರ್ಥ. ಈ ಒಂದು ಅಭ್ಯಾಸದಿಂದ ಎರಡು ವಾರದಲ್ಲಿ ನನ್ನ ಎಣಿಕೆ 29ರಿಂದ 24ಕ್ಕೆ ಇಳಿಯಿತು.

ತೇಲು ಎಷ್ಟು ಹೊತ್ತು? ಇಲ್ಲಿ ಎರಡು ಕಡೆಯೂ ಹೊಂಡವಿದೆ. ತೇಲದೆ ಮುಂದಿನ ಸ್ಟ್ರೋಕಿಗೆ ಹಾರಿದರೆ ಗಳಿಸಿದ ವೇಗವನ್ನು ಉಣ್ಣಲಿಲ್ಲ. ನಿಲ್ಲುವವರೆಗೂ ತೇಲಿದರೆ ಪ್ರತಿ ಸಲ ನಿಂತ ಗಾಡಿಯನ್ನು ಮತ್ತೆ ತಳ್ಳಬೇಕು, ಕಾಲೂ ಇಳಿದಿರುತ್ತದೆ. ಕಿವಿಯ ಬಳಿ ಹರಿಯುವ ನೀರಿನ ಸದ್ದು ತಗ್ಗತೊಡಗಿದಾಗ ಕೈ ಬಿಚ್ಚಿ. ಹೊಸಬರಿಗೆ ಒಂದರಿಂದ ಎರಡು ಎಣಿಸುವಷ್ಟು ಸಮಯ. ಭಾರವಾದ ಕಾಲಿನವರು ಒಂದಕ್ಕೇ ಹೊರಡಲಿ.

ನೀರೊಳಗೆ ಜಾರುವುದರಲ್ಲಿ ಎಂಥ ಲಾಭವಿದೆ ಎಂಬುದಕ್ಕೆ ಒಂದು ಕಥೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಬಹುಭಾಗವನ್ನು ನೀರಡಿಯಲ್ಲೇ ಈಜಿ ಚಿನ್ನ ಗೆದ್ದರು. ಮೇಲ್ಮೈಯ ಅಲೆಗಳ ತಡೆ ಅಲ್ಲಿ ಇಲ್ಲವಲ್ಲ. ಅದಾದ ಮೇಲೆ ನಿಯಮವನ್ನೇ ಬದಲಿಸಿದರು. ಈಗ ಪ್ರತಿ ಸ್ಟ್ರೋಕಿನಲ್ಲೂ ತಲೆ ನೀರಿನ ಮೇಲೆ ಕಾಣಿಸಿಕೊಳ್ಳಲೇಬೇಕು. ನಮಗೆ ಇದರಿಂದ ಸಿಗುವುದು ಇಷ್ಟು: ತೇಲುವಾಗ ತಲೆ ಕೈಗಳ ನಡುವೆ ಮುಳುಗಿರಲಿ, ಹಣೆಯಿಂದ ಅಲೆ ಸೀಳುತ್ತಾ ಹೋಗುವುದು ಬೇಡ.

ಹಾಗೆಯೇ ದೊಡ್ಡ ಸ್ಪರ್ಧಿಗಳ ವಿಡಿಯೊ ನೋಡಿ ಲಯ ಕದಿಯಬೇಡಿ. ಬ್ರಿಟನ್ನಿನ ಆಡಂ ಪೀಟಿ 2019ರಲ್ಲಿ 100 ಮೀಟರನ್ನು 56.88 ಸೆಕೆಂಡಿನಲ್ಲಿ ಮುಗಿಸಿದಾಗ ತೇಲು ಎಂಬುದು ಕಣ್ಣಿಗೇ ಬೀಳುವುದಿಲ್ಲ, ಅಷ್ಟು ವೇಗದ ಸ್ಟ್ರೋಕ್. ಅದು ಅವರ ಕಾಲಿನ ಬಲಕ್ಕೆ, ಒಂದೇ ನಿಮಿಷದ ಓಟಕ್ಕೆ ಹೊಂದುವ ಲಯ. ನಮಗೆ ಹತ್ತಿರದ ಮಾದರಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್. 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲ ಬಾರಿಗೆ ಈಜಿ ದಾಟಿದ ಆತ ಬಳಸಿದ್ದು ಇದೇ ಬ್ರೆಸ್ಟ್‌ಸ್ಟ್ರೋಕ್, ಹಿಡಿದದ್ದು 21 ಗಂಟೆ 45 ನಿಮಿಷ. ಏದುಸಿರು ಬಿಡುತ್ತಾ ಅಷ್ಟು ಹೊತ್ತು ಈಜಲು ಯಾರಿಂದಲೂ ಆಗದು.

ಒಂದು ಕೇಸು

ನಮ್ಮ ಲೇನಿನ ಗೆಳೆಯರೊಬ್ಬರಿಗೆ ನಲವತ್ತೈದು. "ಉಸಿರೇ ಸಾಲ್ತಿಲ್ಲ ಸಾರ್, ಲಂಗ್ಸ್ ಚೆಕ್ ಮಾಡಿಸ್ಬೇಕೇನೋ" ಎಂದರು. ದಿನಾ ಐದು ಕಿಲೋಮೀಟರ್ ಓಡುವ ಮನುಷ್ಯ. ಮುಳುಗಿ ಏಳುವ ಪರೀಕ್ಷೆ ಮಾಡಿಸಿದೆ, ಇಪ್ಪತ್ತೈದು ಸಲ ನಗುನಗುತ್ತಾ ಮುಗಿಸಿದರು. ಗೋಡೆ ಒದ್ದು ತೇಲಿಸಿದೆ, ಆರು ಮೀಟರ್ ಚೆನ್ನಾಗಿಯೇ ಹೋದರು. ಬೆನ್ನ ಮೇಲೆ ಮಲಗಿ ಕಿಕ್ ಮಾಡಿ ಎಂದೆ. ಎರಡೂ ಮಂಡಿ ನೀರಿನಿಂದ ಗೋಪುರದಂತೆ ಎದ್ದವು.

ಸರಪಳಿ ಹೀಗಿತ್ತು. ಮಂಡಿ ಹೊಟ್ಟೆಯಡಿಗೆ ಬಂದೊಡನೆ ತೊಡೆ ಅಡ್ಡವಾಗಿ ದೇಹ ನಿಲ್ಲುತ್ತಿತ್ತು. ನಿಂತ ದೇಹದ ತಲೆಯನ್ನು ಮೇಲೆತ್ತಲು ಕೈಯಿಂದ ನೀರನ್ನು ಕೆಳಕ್ಕೆ ಒತ್ತಬೇಕಾಗುತ್ತಿತ್ತು. ಒತ್ತಿದಾಗ ಎದೆ ವಿಪರೀತ ಮೇಲೆದ್ದು ಸೊಂಟ ಇಳಿಯುತ್ತಿತ್ತು. ಇಳಿದ ಸೊಂಟದಿಂದ ಒದ್ದ ಮುಂದಿನ ಕಿಕ್ ದೇಹವನ್ನು ಮುಂದಕ್ಕಲ್ಲ, ಮೇಲಕ್ಕೆ ತಳ್ಳುತ್ತಿತ್ತು. ಪ್ರತಿ ಸ್ಟ್ರೋಕೂ ನಿಂತ ಜಾಗದಿಂದ ಹೊಸದಾಗಿ ಹೊರಟಂತೆ, ಏದುಸಿರು ಬರದೆ ಇನ್ನೇನು? ಎರಡೂವರೆ ವಾರ ಅವರು ಹಿಮ್ಮಡಿಯನ್ನು ಬೆರಳಿಗೆ ಮುಟ್ಟಿಸುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಉಸಿರಿನ ಬಗ್ಗೆ ನಾವು ಮಾತೇ ಆಡಲಿಲ್ಲ, ಅದು ತಾನಾಗಿ ಸರಿಹೋಯಿತು. ಒಂದು ಸಲಕ್ಕೆ ಒಂದೇ ದೋಷ ಹಿಡಿದದ್ದರಿಂದ ಏನು ಮಾಡಿದ್ದಕ್ಕೆ ಏನಾಯಿತು ಎಂಬುದೂ ತಿಳಿಯಿತು.

ಯಾವುದು ದೋಷವಲ್ಲ

ಕೆಲವರ ಕಣಕಾಲು, ಸೊಂಟದ ಕೀಲು ಹುಟ್ಟಿನಿಂದಲೇ ಅಷ್ಟಾಗಿ ತಿರುಗುವುದಿಲ್ಲ. ವಯಸ್ಸೂ ಬಿಗಿ ತರುತ್ತದೆ. ಅಂಥವರು ಕಿಕ್ಕನ್ನು ಕಿರಿದು ಮಾಡಿ, ಸಿಕ್ಕಷ್ಟು ತಿರುವಿನಲ್ಲೇ ನೀರು ಹಿಡಿಯಲಿ. ಪಕ್ಕದವರಷ್ಟು ಪಾದ ತಿರುಗಿಸಲು ಹೋದರೆ ಬಿಲ್ ಬರುವುದು ಮಂಡಿಗೆ. ಫ್ರೀಸ್ಟೈಲಿಗಿಂತ ನಿಧಾನವಾಗಿ ಹೋಗುವುದೂ ದೋಷವಲ್ಲ, ಎತ್ತರದವರಿಗಿಂತ ಕುಳ್ಳಗಿರುವವರಿಗೆ ಎರಡು ಮೂರು ಸ್ಟ್ರೋಕ್ ಹೆಚ್ಚಾಗುವುದೂ ಅಲ್ಲ. ನಿಮ್ಮ ಎಣಿಕೆಯನ್ನು ಹೋಲಿಸಬೇಕಾದದ್ದು ನಿಮ್ಮ ಹಿಂದಿನ ತಿಂಗಳ ಎಣಿಕೆಗೆ.

ಎರಡು ದಿನ ಚೆನ್ನಾಗಿ ಹೋಗಿ ಮೂರನೇ ದಿನ ಎಲ್ಲ ಮರೆತಂತಾದರೆ ಹೊಸ ದೋಷ ಹುಡುಕಬೇಡಿ. ಸುಸ್ತಾದ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ನನ್ನ ಎಣಿಕೆ ಈಗ 19. ಎಡಪಾದ ಇವತ್ತಿಗೂ ಹದಿನೈದನೇ ಲ್ಯಾಪ್ ಹೊತ್ತಿಗೆ ಮೆಲ್ಲಗೆ ಒಳಕ್ಕೆ ತಿರುಗುತ್ತದೆ, ಎಡಗಡೆಯ ಲೇನ್ ಹಗ್ಗ ಹತ್ತಿರ ಬರತೊಡಗುತ್ತದೆ. ಭುಜಕ್ಕೆ ಹಗ್ಗ ತಾಗಿತೆಂದರೆ ಅಲ್ಲಿಗೆ ನಿಲ್ಲಿಸಿ, ಬೆನ್ನ ಮೇಲೆ ಮಲಗಿ ನಿಧಾನಕ್ಕೆ ನಾಲ್ಕು ಕಿಕ್ ಹಾಕಿ, ಮೆಟ್ಟಿಲು ಹತ್ತುತ್ತೇನೆ.